ಸಣ್ಣ ಗೀರುಗಳಿವೆ

ಆ ಒಂದು ಅಕ್ಷರದಲ್ಲಿ ಹತ್ತೊಂಬತ್ತು ಚುಕ್ಕಿಗಳಿದ್ದವು. ಫೋನಿನಲ್ಲಿ ಫೋಟೋ ಹಿಗ್ಗಿಸಿಕೊಂಡು, ಒಂದೊಂದು ಚುಕ್ಕಿಯ ಮೇಲೂ ಬೆರಳಿಟ್ಟು ಅಳಿಸುತ್ತ ಎಣಿಸಿದ್ದೆ. ಹತ್ತೊಂಬತ್ತನೆಯದು ಹೋದ ಮೇಲೆ ಹಿತ್ತಾಳೆ ತಂಬಿಗೆಯ ಕತ್ತು ಅಲ್ಲಿ ನುಣ್ಣಗೆ ಕಂಡಿತು. ಉಳಿದ ಅಕ್ಷರಗಳನ್ನೂ ಹಾಗೆಯೇ ತೆಗೆದೆ. ಅರ್ಧ ಗಂಟೆ ಹಿಡಿಯಿತು.

ತಂಬಿಗೆ ಕೊಟ್ಟೂರಿನಲ್ಲಿರುವ ನನ್ನ ದೊಡ್ಡವ್ವನದು. ದೊಡ್ಡವ್ವ ನನ್ನ ತಾಯಿಯ ಅಕ್ಕ. ಅವಳದು ಪಾತ್ರೆ ಅಂಗಡಿ. ದೊಡ್ಡಪ್ಪ ಇದ್ದಾಗ ಅವರು ತಕ್ಕಡಿಯ ಮುಂದೆ ಕೂರುತ್ತಿದ್ದರು, ಇವಳು ಒಳಗೆ ಚಾಪೆಯ ಮೇಲೆ ಕೂತು ಪಾತ್ರೆಗಳಿಗೆ ಹೆಸರು ಹಾಕುತ್ತಿದ್ದಳು. ಮೊಳೆಯಷ್ಟು ಸಣ್ಣ ಚಾಣ, ಅಂಗೈಯಗಲದ ಸುತ್ತಿಗೆ. ಒಂದೊಂದು ಏಟಿಗೆ ಒಂದೊಂದು ಚುಕ್ಕಿ, ಚುಕ್ಕಿಗಳು ಕೂಡಿ ಅಕ್ಷರ. ಮದುವೆಗೆ ಕೊಡುವ ಕೊಡ, ತೊಟ್ಟಿಲಿಗೆ ಕೊಡುವ ಲೋಟ, ಯಾವುದನ್ನೇ ಕೊಂಡರೂ ಜನ ಹೆಸರು ಹಾಕಿಸದೆ ಒಯ್ಯುತ್ತಿರಲಿಲ್ಲ. ಓಣಿಯಲ್ಲಿ ಮದುವೆಯಾದರೆ ಹತ್ತು ಮನೆಯ ಪಾತ್ರೆಗಳು ಒಂದೆಡೆ ಸೇರುತ್ತವೆ. ತೊಳೆದು ಬೋರಲು ಹಾಕಿದ ಮೇಲೆ ಹೆಸರು ನೋಡಿಯೇ ಮನೆ ಮನೆಗೆ ಹಂಚಬೇಕು. ದೊಡ್ಡಪ್ಪ ತೀರಿಕೊಂಡ ಮೇಲೆ ತಕ್ಕಡಿಯೂ ಚಾಣವೂ ಅವಳ ಕೈಗೇ ಬಂದವು.

ಹಳೆಯ ಹಿತ್ತಾಳೆ ಕೊಟ್ಟು ಹೊಸ ಸ್ಟೀಲು ಒಯ್ಯುವವರು ಮೊದಲು ಬಹಳ ಮಂದಿ ಇದ್ದರು. ಹಾಗೆ ಬಂದ ಹಿತ್ತಾಳೆ ಕರಗಿಸುವವರಿಗೆ ಹೋಗುತ್ತಿತ್ತು. ಬೇರೆಯವರ ಹೆಸರಿರುವ ಪಾತ್ರೆಯನ್ನು ಊರಿನಲ್ಲಿ ಯಾರೂ ಕೊಳ್ಳುವುದಿಲ್ಲ. ಆದರೆ ಏಳು ಪಾತ್ರೆಗಳನ್ನು ದೊಡ್ಡವ್ವ ಕರಗಲು ಕಳಿಸದೆ ಅಟ್ಟದ ಮೇಲೆ ಇಟ್ಟುಕೊಂಡಿದ್ದಳು. ಎರಡು ತಂಬಿಗೆ, ಊಟದ ಎರಡು ಗಂಗಾಳ, ಒಂದು ಕೊಡ, ಹಿಟ್ಟು ನಾದುವ ಒಂದು ಪರಾತ, ಒಂದು ಸಣ್ಣ ಹಂಡೆ. ಯಾಕೆ ಇವನ್ನೇ ಇಟ್ಟುಕೊಂಡಿದ್ದಾಳೆಂದು ನಾನು ಕೇಳಿರಲಿಲ್ಲ. ಒಳ್ಳೆಯ ತೂಕದವೆಂದು ಇರಬೇಕು ಅಂದುಕೊಂಡಿದ್ದೆ.

ಕಳೆದ ವರ್ಷ ಅಂಗಡಿಯ ಮುಂದಿನ ಅರ್ಧವನ್ನು ಮೊಬೈಲ್ ರಿಪೇರಿ ಮಾಡುವವರೊಬ್ಬರಿಗೆ ಬಾಡಿಗೆಗೆ ಕೊಟ್ಟಳು. ಅವರು ಹರಪನಹಳ್ಳಿ ಕಡೆಯವರು. ಅಟ್ಟವೂ ಅವರ ಪಾಲಿಗೆ ಹೋಯಿತು, ಏಳು ಪಾತ್ರೆಗಳು ಕೆಳಗಿಳಿದವು. ಇಡಲು ಜಾಗವಿರಲಿಲ್ಲ. ಆನ್‌ಲೈನ್ ಹರಾಜಿನಲ್ಲಿ ಹಾಕೋಣ, ದೂರದ ಊರಿನವರು ಹೆಸರು ಗಿಸರು ನೋಡುವುದಿಲ್ಲ, ಹಳೆಯ ಹಿತ್ತಾಳೆಗೆ ಅಲ್ಲಿ ಬೇಡಿಕೆಯಿದೆ ಎಂದು ನಾನೇ ಹೇಳಿದೆ.

ದೊಡ್ಡವ್ವ ಹೂಂ ಅನ್ನಲು ಎರಡು ದಿನ ತೆಗೆದುಕೊಂಡಳು. ಆಮೇಲೆ, “ಬಳಸೋ ಮನಿಗೆ ಹೋದ್ರ ಹೋಗ್ಲಿ, ಕೊಡು,” ಅಂದಳು.

ನಾನು ಹಗರಿಬೊಮ್ಮನಹಳ್ಳಿಯಲ್ಲಿ ತಂದೆತಾಯಿಯೊಂದಿಗೆ ಇರುತ್ತೇನೆ, ಅಲ್ಲಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಭಾನುವಾರ ಕೊಟ್ಟೂರಿಗೆ ಹೋಗಿ ಫೋಟೋ ತೆಗೆಯುವುದು, ಅಳತೆ ಬರೆಯುವುದು ನನ್ನ ಕೆಲಸವಾಯಿತು. ಸೈಟಿನಲ್ಲಿ ನನ್ನ ಖಾತೆಗೆ ಎರಡು ಅಕ್ಷರ ಮತ್ತು ಒಂದು ಅಂಕಿ ಮಾತ್ರ ಇಟ್ಟಿದ್ದೆ. ನಾನು ನನ್ನ ಪುಸ್ತಕಗಳ ಮೇಲೂ ಹೆಸರು ಬರೆಯುವವಳಲ್ಲ.

ಪಾತ್ರೆಗಳ ಮೇಲಿನ ಹೆಸರುಗಳ ವಿಷಯದಲ್ಲೂ ಅದೇ ಬುದ್ಧಿ ಓಡಿತು. ಅವು ಕೂಡ್ಲಿಗಿ, ಹಡಗಲಿ, ಕೋಗಳಿ ಕಡೆಯ ಮನೆಗಳವು. ಕೆಲವರು ಇನ್ನೂ ಇದ್ದಾರೆ. ಮನೆಯ ಕೊಡವನ್ನು ಅಂಗಡಿಗೆ ಹಾಕಿದ್ದು ಆ ಮನೆಯವರ ಸ್ವಂತ ವಿಷಯ, ಅದನ್ನು ಊರಿನ ಹೆಸರಿನ ಸಮೇತ ಫೋನಿನಲ್ಲಿ ಎಲ್ಲರಿಗೂ ತೋರಿಸುವುದು ಸರಿಯಲ್ಲ ಎನಿಸಿತು. ಐದು ಪಾತ್ರೆಗಳನ್ನು ಹೆಸರು ಹಿಂದಕ್ಕೆ ಹೋಗುವಂತೆ ತಿರುಗಿಸಿಟ್ಟು ಫೋಟೋ ತೆಗೆದೆ. ಎರಡು ತಂಬಿಗೆಗಳಲ್ಲಿ ಹೆಸರು ಕತ್ತಿನ ಸುತ್ತ ಪೂರ್ತಿ ಸುತ್ತಿಕೊಂಡಿತ್ತು. ಅವನ್ನು ಫೋನಿನಲ್ಲೇ ಅಳಿಸಿದೆ.

ಆದರೆ ಕೊಳ್ಳುವವರಿಗೆ ಏನೂ ಹೇಳದಿದ್ದರೆ ಮೋಸವಾಗುತ್ತದೆ. ವಸ್ತುವಿನ ಸ್ಥಿತಿ ಬರೆಯಲು ಸೈಟಿನಲ್ಲಿ ಒಂದು ಜಾಗವಿತ್ತು. ಅಲ್ಲಿ ಇಂಗ್ಲಿಷಿನಲ್ಲಿ, ಮೇಲ್ಮೈಯಲ್ಲಿ ಸಣ್ಣ ಗೀರುಗಳಿವೆ ಎಂದು ಬರೆದೆ. ಆಗ ಅದು ಸಾಕು ಎನಿಸಿತ್ತು.

ಮೊದಲ ವಾರ ಏನೂ ಹೋಗಲಿಲ್ಲ. ಸೈಟಿನ ನಿಯಮದಂತೆ ಏಳು ದಿನಕ್ಕೆ ಹರಾಜು ಮುಗಿಯುತ್ತದೆ. ಮಾರಾಟವಾಗದ ವಸ್ತುವಿನ ಪಕ್ಕದಲ್ಲಿ ‘ಮತ್ತೆ ಪಟ್ಟಿಗೆ ಹಾಕಿ’ ಎಂಬ ಗುಂಡಿ ಬರುತ್ತದೆ. ಸುಮ್ಮನೆ ಅದನ್ನು ಒತ್ತಿದರೆ ಅದೇ ಫೋಟೋ, ಅದೇ ಮಾತು ಮತ್ತೆ ಏಳು ದಿನ ಕೂರುತ್ತವೆ. ನಾನು ಹಾಗೆ ಮಾಡಲಿಲ್ಲ. ತಲೆಬರಹದಲ್ಲಿ ‘ಹಳೆಯ’ ಎಂಬುದನ್ನು ಕೊನೆಗೆ ಸರಿಸಿ ‘ಹಿತ್ತಾಳೆ’ಯನ್ನು ಮೊದಲಿಗೆ ತಂದೆ. ತೂಕವನ್ನು ಗ್ರಾಮಿನಲ್ಲಿ, ಬಾಯಿಯ ಅಗಲವನ್ನು ಸೆಂಟಿಮೀಟರಿನಲ್ಲಿ ಬರೆದೆ. ಅಂಗಡಿಯೊಳಗಿನ ಟ್ಯೂಬ್‌ಲೈಟಿನಲ್ಲಿ ಹಿತ್ತಾಳೆ ಹಸಿರು ಹೊಡೆಯುತ್ತಿತ್ತು, ಹೊರಗಿನ ಮೆಟ್ಟಿಲ ಮೇಲೆ ಮತ್ತೆ ಹೆಸರು ಹಿಂದಕ್ಕೆ ಮಾಡಿ ಇಟ್ಟು ಬಿಸಿಲಿನಲ್ಲಿ ತೆಗೆದೆ, ತಂಬಿಗೆಗಳವನ್ನು ಮತ್ತೆ ಅಳಿಸಿದೆ. ತಿದ್ದುವ ಪಟ್ಟಿಯಲ್ಲಿ ಸ್ಥಿತಿಯ ಸಾಲೂ ಇತ್ತು. ಅದನ್ನು ಓದಿ ಮುಂದೆ ಹೋದೆ.

ಎರಡನೇ ವಾರವೂ ಹಾಗೇ ಹೋಯಿತು.

“ಏನವ್ವ, ನಿನ್ನ ಫೋನಿನ ಸಂತಿ ಎಷ್ಟೊತ್ತಿಗೆ ಕೂಡ್ತೈತಿ?” ಅಂದಳು ದೊಡ್ಡವ್ವ.

“ಹದಿನಾಕು ಮಂದಿ ನೋಡ್ಯಾರ ದೊಡ್ಡವ್ವ.”

“ನೋಡಾಕೇನು, ನಮ್ಮ ಮೆಟ್ಲ ಮುಂದನೂ ದಿನಾ ನೂರು ಮಂದಿ ನೋಡಿಕೆಂತ ಹೊಕ್ಕಾರ.”

ಮುಂದಿನ ಅರ್ಧದಿಂದ ಮೊಬೈಲ್ ಅಂಗಡಿಯವರು, “ಅಮ್ಮಾ, ಅಲ್ಲಿ ನೋಡೋರು ಚಪ್ಲಿ ಬಿಡೋದೂ ಬೇಡ, ನೀವು ಕಸ ಹೊಡಿಯೋದೂ ಬೇಡ. ಅದೇ ಲಾಭ,” ಅಂದರು.

“ನೀನು ಸುಮ್ನ ಇರಪ. ನಿನ್ನ ಗಿರಾಕಿ ಚಪ್ಲಿ ಎಲ್ಲಾ ನನ್ನ ಬಾಗ್ಲಾಗ ಅದಾವು.”

ಮೂರನೇ ಸಲ ಏಳನ್ನೂ ಒಂದೇ ಗುಂಪಾಗಿ ಹಾಕಿದೆ. ಅವಳ ಫೋನಿನಲ್ಲೂ ನನ್ನ ಖಾತೆಯಿಂದಲೇ ಆ ಆ್ಯಪ್ ಹಾಕಿಕೊಟ್ಟೆ, ನಾನಿಲ್ಲದಾಗ ನೋಡಲಿ ಎಂದು. ಬರೀ ನೋಡು, ಏನೂ ಒತ್ತಬೇಡ ಎಂದೂ ಹೇಳಿದೆ. ಹರಾಜು ಮುಗಿಯುವ ಮೊದಲೇ ಯಾರಾದರೂ ಒಂದು ಬೆಲೆಗೆ ನೇರವಾಗಿ ಕೇಳಬಹುದೆಂದೂ, ಕೆಳಗಿನ ಹಸಿರು ಗುಂಡಿ ಒತ್ತಿದರೆ ಒಪ್ಪಿಕೊಂಡಂತೆ ಎಂದೂ ವಿವರಿಸಿದೆ. ವಿವರಿಸದಿದ್ದರೆ ಚೆನ್ನಾಗಿತ್ತು.

ಬೋಣಿಗೆಯನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ದಿನದ ಮೊದಲ ಗಿರಾಕಿಯನ್ನು ದೊಡ್ಡವ್ವ ಬರಿಗೈಯಲ್ಲಿ ಕಳಿಸಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಒಮ್ಮೆ ಉಜ್ಜಿನಿಯ ಕಡೆಯ ಮುದುಕರೊಬ್ಬರು ಬೆಳಿಗ್ಗೆಯೇ ಬಂದು ಚಹಾ ಸೋಸುವ ಜರಡಿಗೆ ಅರ್ಧ ಬೆಲೆ ಕೇಳಿದರು. ದೊಡ್ಡವ್ವ ಅವರನ್ನು ಬಾಯಿತುಂಬ ಬೈದು, ಜರಡಿಯನ್ನು ಅದೇ ಅರ್ಧ ಬೆಲೆಗೆ ಕೊಟ್ಟು, ಬಂದ ನಾಣ್ಯಗಳನ್ನು ಕಣ್ಣಿಗೊತ್ತಿಕೊಂಡು ಡಬ್ಬಿಗೆ ಹಾಕಿದಳು. ಮೊದಲ ಗಿರಾಕಿ ತಿರುಗಿ ಹೋದರೆ ಅಂದಿನ ದಿನವೂ ಅವನ ಹಿಂದೆಯೇ ಹೋಗುತ್ತದೆ ಎಂಬುದು ಅವಳ ಮಟ್ಟಿಗೆ ಚರ್ಚೆಯ ವಿಷಯವಲ್ಲ.

ಗುರುವಾರ ಬೆಳಿಗ್ಗೆ ಎಂಟೂ ಹತ್ತಕ್ಕೆ ನನ್ನ ಫೋನಿಗೆ ಸಂದೇಶ ಬಂತು. ನಿಮ್ಮ ಏಳು ವಸ್ತುಗಳು ಮಾರಾಟವಾಗಿವೆ. ನಾನು ಒಪ್ಪಿರಲಿಲ್ಲ. ತೆರೆದು ನೋಡಿದೆ. ಕೊಂಡವರು ಬರೆದಿದ್ದರು: ನೀವು ಹೇಳಿರುವ ಗೀರುಗಳನ್ನು ಯಂತ್ರಕ್ಕೆ ಹಿಡಿಸಿ ಪೂರ್ತಿ ತೆಗೆದು, ಪಾಲಿಶ್ ಮಾಡಿ ಕಳಿಸುವುದಾದರೆ ಈ ಬೆಲೆಗೆ ಏಳನ್ನೂ ತೆಗೆದುಕೊಳ್ಳುತ್ತೇನೆ.

ಕಾಲೇಜಿನ ವರಾಂಡದ ತುದಿಗೆ ಹೋಗಿ ಫೋನು ಮಾಡಿದೆ.

“ದೊಡ್ಡವ್ವ, ಏನಾರ ಒತ್ತಿದ್ಯೇನು?”

“ಒತ್ತಿದೆ. ಬಾಗ್ಲು ತೆಗ್ದು ಕಸ ಹೊಡಿಯಾಕತ್ತಿದ್ದೆ, ಟಣ್ ಅಂತು. ಬೆಳಗ ಬೆಳಗ ಬಂದ ಗಿರಾಕಿ. ಇಲ್ಲ ಅನ್ನಾಕ ಆಗತೈತೇನು?”

“ಅಂವ ಏನ್ ಕೇಳ್ಯಾನ ಗೊತ್ತೈತೇನು?”

“ಎಲ್ಲಾ ಗೊತ್ತೈತಿ. ಮುಂದಿನ ಅಂಗಡ್ಯಾಂವ ಓದಿ ಹೇಳಿದ. ಗೀರು ತೆಗ್ದು ಪಾಲಿಶ್ ಮಾಡಿ ಕೊಡ್ರಿ ಅಂತಾನ. ಅಟ್ಟದ ಮ್ಯಾಗ ಒಂದಕ್ಕೊಂದು ತಿಕ್ಕಿ ಗೀರು ಬಿದ್ದಿರ್ತಾವು, ಬಿಡು. ಹುಣಸಿಹಣ್ಣು ಹಚ್ಚಿ ತಿಕ್ಕಿದ್ರ ಫಳಫಳ ಅಂತಾವು.”

ಗೀರು ಅಂದರೆ ಯಾವುದೆಂದು ನಾನು ಫೋನಿನಲ್ಲಿ ಹೇಳಲಿಲ್ಲ. ಸಂಜೆ ಬರುತ್ತೇನೆ ಅಂದೆ. ಒಪ್ಪಿದ ವ್ಯಾಪಾರವನ್ನು ಒಂದು ದಿನದೊಳಗೆ ರದ್ದು ಮಾಡಬಹುದೆಂಬ ನಿಯಮವನ್ನು ಎರಡು ಸಲ ಓದಿಕೊಂಡೆ.

ನಾಲ್ಕರ ಬಸ್ಸಿಗೆ ಹೊರಟೆ. ನಾನು ಹೋಗುವಷ್ಟರಲ್ಲಿ ಅವಳು ಏಳನ್ನೂ ತಿಕ್ಕಿ ತೊಳೆದು ಮೆಟ್ಟಿಲ ಮೇಲೆ ಸಾಲಾಗಿ ಇಟ್ಟಿದ್ದಳು. ಬೆರಳುಗಳು ಹುಣಸೆಹಣ್ಣಿಗೆ ಸುಕ್ಕುಗಟ್ಟಿದ್ದವು. ಚುಕ್ಕಿಗಳೊಳಗಿನ ಕಿಲುಬು ಹೋಗಿ ಹೆಸರುಗಳು ಎದುರು ಅಂಗಡಿಯಿಂದ ಓದುವಷ್ಟು ಸ್ಪಷ್ಟವಾಗಿದ್ದವು. ಅಷ್ಟು ಸಾಲಾಗಿ, ಅಷ್ಟು ಬೆಳಕಿನಲ್ಲಿ ನಾನು ಆ ಹೆಸರುಗಳನ್ನು ನೋಡಿದ್ದು ಅದೇ ಮೊದಲು. ಗಂಗಾಳದ ಅಂಚಿನಲ್ಲಿ ಅಕ್ಷರಗಳು ಅಂಚಿನ ಬಾಗಿಗೆ ತಕ್ಕಂತೆ ತಾವೂ ಬಾಗಿದ್ದವು. ಕೊಡದ ಮೇಲಿನ ಹೆಸರು ಹೆಗಲಿನಿಂದ ಹೆಗಲಿಗೆ ಸರಿಯಾಗಿ ನಡುವೆ ಕೂತಿತ್ತು. ಎಲ್ಲವೂ ಅವಳ ಕೈಯ ಅಕ್ಷರಗಳೇ. ಈ ಏಳನ್ನೇ ಅವಳು ಯಾಕೆ ಇಟ್ಟುಕೊಂಡಿದ್ದಳೆಂದು ಆಗ ತಿಳಿಯಿತು.

“ಹೆಂಗದಾವು? ನಿನ್ನ ಗಿರಾಕಿ ಮಾರಿ ನೋಡ್ಕಬೌದು,” ಅಂದಳು.

“ದೊಡ್ಡವ್ವ, ಅಂವ ಹೆಸರು ತೆಗಿರಿ ಅಂತಾನ.”

“ಯಾವ ಹೆಸರು?”

“ಇವು. ಯಂತ್ರಕ್ಕ ಹಿಡಿಸಿ ಅಳಿಸಿ ಕೊಡಬೇಕಂತ.”

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. “ಹೆಸರು ಐತಿ ಅಂತ ಅಂವಗ ಹೆಂಗ ಗೊತ್ತಾತು? ನೀನು ಎಲ್ಲಾ ಗ್ವಾಡಿ ಕಡಿ ಮಾರಿ ಮಾಡಿ ಫೋಟೋ ತೆಗ್ದಿದ್ದಿ. ನಾ ನೋಡೀನಿ.”

“ಬರದಿದ್ದೆ.”

“ಏನಂತ?”

ಮೊಬೈಲ್ ಅಂಗಡಿಯವರ ಸ್ಕ್ರೂಡ್ರೈವರಿನ ಸದ್ದು ನಿಂತಿತು. ನಾನು ಹೇಳಿದೆ.

“ಗೀರು,” ಅಂದಳು ದೊಡ್ಡವ್ವ. ಸಿಟ್ಟಿನಿಂದಲ್ಲ, ಬೇರೆಯವರ ಊರಿನ ಹೆಸರನ್ನು ಒಮ್ಮೆ ಅಂದು ನೋಡುವ ಹಾಗೆ. ತಂಬಿಗೆಯನ್ನು ಎತ್ತಿಕೊಂಡು ಕತ್ತಿನ ಸುತ್ತ ಹೆಬ್ಬೆರಳು ಆಡಿಸಿದಳು. “ಲಗ್ನ ಆಗಿ ಬಂದ ವರ್ಷ ಹಿಡ್ದೀನಿ ಚಾಣ. ಅವತ್ತಿಂದ ಗೀರಿಕೆಂತ ಕುಂತಿದ್ದೆ ಅನ್ನು.”

ತಪ್ಪಾಯಿತು, ಯಾರ ಮನೆಯ ಹೆಸರೂ ಬಯಲಿಗೆ ಬರಬಾರದೆಂದು ಹಾಗೆ ಬರೆದೆ ಎಂದೆ.

“ಬಯಲಿಗೆ ಬರಬಾರ್ದು ಅಂದ್ರ ಯಾಕ ಹಾಕಿಸ್ತಾರವ್ವ ಹೆಸರನ್ನ? ನಾಕು ಮಂದಿ ಓದ್ಲಿ, ನಮ್ಮ ಕೊಡ ನಮ್ಮ ಮನಿಗೆ ಬರ್ಲಿ ಅಂತ ಹಾಕಿಸ್ತಾರ. ಮುಚ್ಚಿ ಇಡಾಕ ಯಾರೂ ಅಕ್ಷರಕ್ಕ ಇಷ್ಟು ಅಂತ ಕೊಡಂಗಿಲ್ಲ.”

ಈಗಲೇ ರದ್ದು ಮಾಡುತ್ತೇನೆ ಎಂದು ಫೋನು ತೆಗೆದೆ.

“ಬ್ಯಾಡ. ಬೋಣಿಗಿ ಗಿರಾಕಿ ಅಂವ, ನಾ ಹೂಂ ಅಂದೀನಿ. ಹೊಸಪೇಟಿಗೆ ಒಯ್ದು ಯಂತ್ರಕ್ಕ ಹಿಡಿಸಿ ಕಳಸು. ಗೀರು ತಾನ? ಹೋದ್ರ ಹೊಕ್ಕಾವು.”

ಅಷ್ಟರಲ್ಲಿ ಒಬ್ಬ ಹೆಂಗಸು ಸಣ್ಣ ಸ್ಟೀಲ್ ಲೋಟ ಹಿಡಿದು ಬಂದಳು. ಮೊಮ್ಮಗಳ ತೊಟ್ಟಿಲಿಗೆಂದು ಹಿಂದಿನ ದಿನ ಅಲ್ಲೇ ಕೊಂಡದ್ದು, ಹೆಸರು ಹಾಕಿಸಬೇಕಿತ್ತು.

“ಬಸ್ ಸ್ಟ್ಯಾಂಡ್ ಕಡಿಗೆ ಮಷೀನಿನಾಂವ ಅದಾನ, ಅಲ್ಲಿಗೆ ಹೋಗವ್ವ,” ಅಂದಳು ದೊಡ್ಡವ್ವ.

“ಅಯ್ಯ, ನೀವಾ ಹಾಕ್ರಿ. ನನ್ನ ಮಗಳಿಗೂ ನೀವಾ ಹಾಕಿದ್ದು.”

“ನಾ ಬಿಟ್ಟೀನಿ.”

“ಯಾವಾಗ ಬಿಟ್ರಿ?”

“ಈಗ.”

ಹೆಂಗಸು ನನ್ನ ಮುಖ ನೋಡಿದಳು, ಆಮೇಲೆ ಹೋದಳು. ದೊಡ್ಡವ್ವ ಒಳಗಿನಿಂದ ಚಾಣವನ್ನೂ ಸುತ್ತಿಗೆಯನ್ನೂ ತಂದು, ಒಂದು ಹಳೆಯ ಬಟ್ಟೆಯಲ್ಲಿ ಗಂಟು ಕಟ್ಟಿ, ಗುಜರಿಗೆ ತೂಕಕ್ಕೆ ಹಾಕುವ ಹಳೇ ಕಬ್ಬಿಣವಿದ್ದ ಬುಟ್ಟಿಯಲ್ಲಿ ಇಟ್ಟಳು. ಎಸೆಯಲಿಲ್ಲ, ಮೆಲ್ಲಗೆ ಇಟ್ಟಳು.

ನಾನು ಮೆಟ್ಟಿಲ ಮೇಲೆ ಕೂತು ಕೊಂಡವರಿಗೆ ಬರೆದೆ. ನಾನು ಗೀರುಗಳೆಂದು ಬರೆದದ್ದು ತಪ್ಪು. ಅವು ಹೆಸರುಗಳು, ಕೈಯಿಂದ ಕೆತ್ತಿದವು, ಕೆತ್ತಿದವರು ನನ್ನ ದೊಡ್ಡವ್ವ. ನೀವು ಕೇಳಿದರೆ ಅಳಿಸಿ ಕಳಿಸಲು ಅವರು ಒಪ್ಪಿದ್ದಾರೆ, ಮಾತು ಕೊಟ್ಟಿದ್ದಾರೆ. ನೀವು ಏನು ಹೇಳುತ್ತೀರೋ ಹಾಗೆ. ಜೊತೆಗೆ ಗಂಗಾಳದ ಅಂಚಿನ ಒಂದು ಫೋಟೋ, ಎರಡು ಅಕ್ಷರ ಮಾತ್ರ ಕಾಣುವಂತೆ.

ಇಪ್ಪತ್ತು ನಿಮಿಷಕ್ಕೆ ಉತ್ತರ ಬಂತು. ಅವರು ಹೊಸ ಹೋಟೆಲೊಂದರ ಗೋಡೆಗೆ ಅಲಂಕಾರಕ್ಕೆ ಪಾತ್ರೆ ಹುಡುಕುತ್ತಿದ್ದರಂತೆ. ಅವರಿಗೆ ಬರಹವಿಲ್ಲದ ಪಾತ್ರೆಯೇ ಬೇಕು. ಆದರೆ ಇವನ್ನು ಅಳಿಸುವುದು ಬೇಡ, ನಾನೇ ಬಿಟ್ಟುಬಿಡುತ್ತೇನೆ, ತಿಳಿಸಿದ್ದಕ್ಕೆ ವಂದನೆ ಎಂದು ಬರೆದು, ತಮ್ಮ ಕಡೆಯಿಂದಲೇ ವ್ಯಾಪಾರ ರದ್ದು ಮಾಡಿದ್ದರು.

ದೊಡ್ಡವ್ವನಿಗೆ ಓದಿ ಹೇಳಿದೆ.

“ಅಂವನಾ ಬಿಟ್ಟನೇನು?”

“ಅಂವನಾ ಬಿಟ್ಟ.”

“ಒಳ್ಳೇ ಮನಶ್ಯಾ.” ಏಳನ್ನೂ ಒಂದೊಂದಾಗಿ ಒಳಗೆ ತೆಗೆದಿಟ್ಟಳು. ಗಂಟು ಬುಟ್ಟಿಯಲ್ಲೇ ಇತ್ತು. ಗುಜರಿಯವನು ಯಾವಾಗ ಬರುತ್ತಾನೆಂದು ಕೇಳಿದೆ. “ಶುಕ್ರವಾರ ಮಧ್ಯಾಹ್ನ,” ಅಂದಳು. ಅಂದರೆ ಮರುದಿನ. ಬೇಡ ದೊಡ್ಡವ್ವ ಅಂದೆ. ಅವಳು, “ಕತ್ತಲಾಗತೈತಿ, ಬಸ್ಸು ಹೋದೀತು, ಹೊರಡು,” ಅಂದಳು. ಅವಳೊಂದಿಗೆ ಮಾತು ಬೆಳೆಸಿ ಗೆದ್ದವರನ್ನು ನಮ್ಮ ಮನೆಯಲ್ಲಿ ನಾನು ನೋಡಿಲ್ಲ.

ಬಸ್ಸಿನಲ್ಲಿ ಪಟ್ಟಿಯನ್ನು ತೆರೆದು ಸ್ಥಿತಿಯ ಸಾಲನ್ನು ಅಳಿಸಿದೆ. ಆ ಜಾಗದಲ್ಲಿ ಏನು ಬರೆಯಬೇಕೆಂದು ಹಗರಿಬೊಮ್ಮನಹಳ್ಳಿ ಬರುವವರೆಗೂ ಹೊಳೆಯಲಿಲ್ಲ. ಖಾಲಿ ಬಿಟ್ಟರೆ ಸೈಟು ಮುಂದಕ್ಕೆ ಹೋಗಲು ಬಿಡುವುದಿಲ್ಲ. ಹಾಗೇ ಮುಚ್ಚಿಟ್ಟೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಕೊಟ್ಟೂರಿಗೆ ಹೋದೆ. ನನ್ನ ತರಗತಿ ಇದ್ದದ್ದು ಹನ್ನೊಂದಕ್ಕೆ. ಮೊಬೈಲ್ ಅಂಗಡಿಯವರು ಶಟರ್ ಎತ್ತುತ್ತಿದ್ದರು. ದೊಡ್ಡವ್ವ ಕಸ ಹೊಡೆದು, ನೀರು ಚಿಮುಕಿಸಿ, ಊದಿನಕಡ್ಡಿ ಹಚ್ಚಿ ಆಗಿತ್ತು. ನಾನು ಮೆಟ್ಟಿಲು ಹತ್ತಲಿಲ್ಲ. ಗಿರಾಕಿಗಳು ನಿಲ್ಲುವಲ್ಲಿ ನಿಂತೆ.

“ಬೋಣಿಗಿ ಆಗೈತೇನ್ರಿ?” ಅಂದೆ.

ಅವಳು ತಿರುಗಿ ನೋಡಿದಳು. ನಾನು ಹುಟ್ಟಿದಾಗಿನಿಂದ ಅವಳಿಗೆ ‘ರಿ’ ಹಚ್ಚಿ ಮಾತಾಡಿಸಿದವಳಲ್ಲ. “ಏನ್ ನಾಟಕ ಹಚ್ಚಿಯಲೇ ಮುಂಜಾನೆ ಎದ್ದು?”

“ಒಂದು ಲೋಟ ಕೊಡ್ರಿ. ಹಿತ್ತಾಳಿದು. ಹೆಸರು ಹಾಕಿ ಕೊಡ್ರಿ.”

“ಲೋಟ ತಗಾ. ಹೆಸರಿಲ್ಲ.”

“ಹೆಸರಿಲ್ದ ನನಗ ಬ್ಯಾಡ್ರಿ. ಹೊಕ್ಕೀನಿ ಹಂಗಾರ.”

ಒಂದು ಹೆಜ್ಜೆ ಹಿಂದಕ್ಕೆ ಇಟ್ಟೆ. ಮೊಬೈಲ್ ಅಂಗಡಿಯವರು ಅರ್ಧ ಎತ್ತಿದ ಶಟರನ್ನು ಹಿಡಿದೇ, “ಅಮ್ಮಾ, ಮೊದಲ್ನೇ ಗಿರಾಕಿ ವಾಪಸ್ ಹೊಂಟೈತೆ ನೋಡ್ರಿ. ನಂದೂ ಬೋಣಿ ಆಗಿಲ್ಲ, ನಂಗೂ ತಟ್ಟುತ್ತೆ,” ಅಂದರು.

“ನೀನು ಶಟರ್ ಎತ್ತು ಮೊದ್ಲು!” ಎಂದು ಅವರನ್ನು ಗದರಿದಳು. ನನ್ನನ್ನು ನೋಡಿದಳು. ಊದಿನಕಡ್ಡಿಯನ್ನು ನೋಡಿದಳು. ಆಮೇಲೆ ಬುಟ್ಟಿಯ ಕಡೆ ಗದ್ದ ತೋರಿಸಿ, “ತಗಂಡು ಬಾ,” ಅಂದಳು.

ನಾನು ಒಳಗೆ ಹೋಗಿ ಗಂಟು ತಂದುಕೊಟ್ಟೆ. ಅವಳು ಚಾಪೆ ಹಾಸಿ ಕೂತು, ಕನ್ನಡಕ ಏರಿಸಿ, ಲೋಟವನ್ನು ಮೊಣಕಾಲುಗಳ ನಡುವೆ ಅಮುಕಿ ಹಿಡಿದಳು.

“ಹೆಸರು ಏನ್ರವ್ವ?”

ಹೇಳಿದೆ.

“ಊರು?”

ಅದನ್ನೂ ಹೇಳಿದೆ. ಸೀಸದ ಕಡ್ಡಿಯಿಂದ ಒಂದು ಗೆರೆ ಎಳೆದುಕೊಂಡು ಹೊಡೆಯಲು ಶುರು ಮಾಡಿದಳು. ಮೊದಲ ಅಕ್ಷರಕ್ಕೆ ಬಹಳ ಹೊತ್ತು ತೆಗೆದುಕೊಂಡಳು, ಆಮೇಲಿನವು ಬೇಗ ಬಂದವು. ಅವಳು ಕೇಳಿದಷ್ಟು ಕೊಟ್ಟೆ, ಕಣ್ಣಿಗೊತ್ತಿಕೊಂಡು ಡಬ್ಬಿಗೆ ಹಾಕಿದಳು. “ನಿನ್ನೆ ಲೋಟ ತಂದಿದ್ಳಲ್ಲ, ಅಕಿ ಮನಿ ಗೊತ್ತೈತೇನಪ ನಿನಗ?” ಎಂದು ಮುಂದಿನ ಅಂಗಡಿಯವರನ್ನು ಕೇಳಿದಳು.

ನಾನು ಏಳು ಪಾತ್ರೆಗಳನ್ನು ಒಂದೊಂದಾಗಿ ಮೆಟ್ಟಿಲಿಗೆ ತಂದು, ಹೆಸರಿನ ಬದಿಯನ್ನು ಬಿಸಿಲಿಗೆ ತಿರುಗಿಸಿ ಫೋಟೋ ತೆಗೆದೆ. ಪೂರ್ತಿ ಹೆಸರು ಬೇಡವೆನಿಸಿತು, ಎರಡು ಮೂರು ಅಕ್ಷರ ಮಾತ್ರ ಹತ್ತಿರದಿಂದ. ಗುಂಪನ್ನು ಬಿಡಿಸಿ ಏಳನ್ನೂ ಬೇರೆ ಬೇರೆ ಮಾಡಿದೆ. ಖಾಲಿಯಿದ್ದ ಸಾಲಿನಲ್ಲಿ, ಮುಂಭಾಗದಲ್ಲಿ ಕನ್ನಡದಲ್ಲಿ ಹೆಸರಿದೆ, ಕೈಯಿಂದ ಕೆತ್ತಿದ್ದು, ಅಳಿಸಿ ಕೊಡುವುದಿಲ್ಲ ಎಂದು ಬರೆದು ಮತ್ತೆ ಪಟ್ಟಿಗೆ ಹಾಕಿದೆ. ದೊಡ್ಡವ್ವನ ಫೋನಿನಿಂದ ಆ್ಯಪನ್ನು ತೆಗೆದೆ. ಲೋಟವನ್ನು ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು ಒಂಬತ್ತೂವರೆಯ ಬಸ್ಸು ಹತ್ತಿದೆ.